ಪೆಟ್ಟಿಗೆಗಿಂತ ಮೊದಲು ಗಾಳಿ: ಮನೆಯ ಗ್ಯಾರೇಜಿನಲ್ಲಿ ಬ್ಲಾಸ್ಟಿಂಗ್ ಕ್ಯಾಬಿನೆಟ್

ಹಳೆಯ ಬೈಕುಗಳನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವ ಗೆಳೆಯರು ನನ್ನ ಗ್ಯಾರೇಜಿಗೆ ಬಂದರೆ, ಮೂಲೆಯಲ್ಲಿರುವ ಬ್ಲಾಸ್ಟಿಂಗ್ ಕ್ಯಾಬಿನೆಟ್ಟಿನ ಮುಂದೆ ನಿಂತು ಮೊದಲು ಅದರ ಬೆಲೆ ಕೇಳುತ್ತಾರೆ, ಆಮೇಲೆ ಅದರ ಅಳತೆ ಕೇಳುತ್ತಾರೆ. ಮೂರು ವರ್ಷ ಅದನ್ನು ಬಳಸಿದ ಮೇಲೆ, ಈ ಎರಡು ಪ್ರಶ್ನೆಗಳೂ ಕೊನೆಯಲ್ಲಿ ಬರಬೇಕಾದವು ಎಂದು ನನಗೆ ಖಚಿತವಾಗಿದೆ. ಬ್ಲಾಸ್ಟಿಂಗ್ ಎಂದರೆ ಗಾಳಿಯ ಒತ್ತಡದಿಂದ ಸಣ್ಣ ಕಣಗಳನ್ನು ಹೊಡೆದು ಲೋಹದ ತುಕ್ಕು, ಬಣ್ಣ ತೆಗೆಯುವುದು. ಕ್ಯಾಬಿನೆಟ್ ಎಂದರೆ ಆ ಕೆಲಸ ನಡೆಯುವ, ಕೈಗವಸು, ಗಾಜಿನ ಕಿಟಕಿ ಮತ್ತು ದೀಪವಿರುವ ತಗಡಿನ ಪೆಟ್ಟಿಗೆ. ಕೆಲಸ ಮಾಡುವುದು ಗಾಳಿ, ಕೆಲಸದ ನಂತರ ಉಳಿಯುವುದು ಧೂಳು. ಗಾಳಿಯನ್ನು ಎಲ್ಲಿಂದ ತರುತ್ತೇವೆ, ಧೂಳನ್ನು ಎಲ್ಲಿಗೆ ಕಳಿಸುತ್ತೇವೆ ಎಂಬುದು ತೀರ್ಮಾನವಾಗದೆ ಪೆಟ್ಟಿಗೆಯನ್ನು ಕೊಳ್ಳಬಾರದು.

ನನ್ನ ಊರು ಮೈಸೂರು. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ, ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಈ ಊರಿನ ಎಷ್ಟೋ ಮನೆಗಳ ಷೆಡ್ಡುಗಳಲ್ಲಿ ಇನ್ನೂ ಇವೆ. ನಮ್ಮ ಸೋದರಮಾವ ನನಗೆ ಬಿಟ್ಟುಹೋದ 1984ರ ಯೆಜ್ಡಿ ರೋಡ್‌ಕಿಂಗ್ ಅಂಥದ್ದೊಂದು. ಹನ್ನೆರಡು ವರ್ಷ ಮಳೆ ಸೋರುವ ಷೆಡ್ಡಿನಲ್ಲಿ ನಿಂತಿದ್ದ ಅದರ ಸ್ಟ್ಯಾಂಡು, ಬ್ರಾಕೆಟ್ಟುಗಳು, ಬ್ರೇಕ್ ಪೆಡಲ್ಲು ಎಲ್ಲಕ್ಕೂ ತುಕ್ಕು ಆಳವಾಗಿ ಹಿಡಿದಿತ್ತು. ಮೊದಲ ಎರಡು ತಿಂಗಳು ವೈರ್ ಬ್ರಶ್ಶು, ಉಪ್ಪುಕಾಗದ ಹಿಡಿದು ಉಜ್ಜಿದೆ, ಬಣ್ಣ ಹೊಡೆದೆ. ಮುಂದಿನ ಮಳೆಗಾಲದ ಹೊತ್ತಿಗೆ ಬಣ್ಣದ ಅಡಿಯಲ್ಲಿ ಗುಳ್ಳೆಗಳೆದ್ದವು. ವೈರ್ ಬ್ರಶ್ಶು ತುಕ್ಕಿನ ಮೇಲ್ಮೈಯನ್ನು ಹೊಳೆಯಿಸುತ್ತದೆ, ಆದರೆ ಸಾಸಿವೆ ಕಾಳಿನಷ್ಟು ಸಣ್ಣ ಗುಳಿಗಳ ತಳಕ್ಕೆ ಇಳಿಯುವುದಿಲ್ಲ. ಗಾಳಿಯೊಡನೆ ಹಾರಿ ಬರುವ ಸಣ್ಣ ಕಣಗಳು ಮಾತ್ರ ಆ ತಳವನ್ನು ತಲುಪಿ ಕೆರೆಯುತ್ತವೆ, ಜೊತೆಗೆ ಪ್ರೈಮರ್ ಕಚ್ಚಿಕೊಳ್ಳುವಂಥ ಒರಟು ಮೈಯನ್ನೂ ಬಿಟ್ಟುಹೋಗುತ್ತವೆ.

ಹೊರಗೆ ಮಾಡಿಸುವ ದಾರಿಯೂ ಇದೆ, ಫ್ರೇಮಿಗೆ ಅದೇ ಸರಿ. ಆದರೆ ಕೈಗಾರಿಕಾ ಪ್ರದೇಶದ ಬ್ಲಾಸ್ಟಿಂಗ್ ಘಟಕಗಳು ಗೇಟು, ಗರ್ಡರುಗಳಿಗೆಂದು ಇಟ್ಟುಕೊಂಡ ದಪ್ಪ ಕಣ ಮತ್ತು ಭಾರಿ ಒತ್ತಡವನ್ನೇ ಎಲ್ಲದಕ್ಕೂ ಬಳಸುತ್ತವೆ. ಒಂದು ಕಡೆ ನಾನು ಕೊಟ್ಟ ಚಕ್ರದ ಅಲ್ಯೂಮಿನಿಯಂ ಹಬ್ ಮರಳಿ ಬಂದಾಗ ಅದರ ಮೈ ಬೆಲ್ಲದ ಅಚ್ಚಿನಷ್ಟು ಒರಟಾಗಿತ್ತು, ಬೇರಿಂಗ್ ಕೂರುವ ಜಾಗವೂ ತರಚಿತ್ತು. ಸಣ್ಣ ಭಾಗಗಳನ್ನು ಮನೆಯಲ್ಲೇ ಮಾಡಬೇಕೆಂದು ಅಂದೇ ನಿರ್ಧರಿಸಿದೆ.

ಈಗ ಗಾಳಿಯ ಲೆಕ್ಕಕ್ಕೆ ಬರೋಣ. ಬ್ಲಾಸ್ಟಿಂಗ್ ಗನ್ನಿನೊಳಗೆ ಗಾಳಿ ಹೊರಬರುವ ಒಂದು ಸಣ್ಣ ರಂಧ್ರವಿರುತ್ತದೆ. ಗನ್ನು ಎಷ್ಟು ಗಾಳಿ ಕುಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಆ ರಂಧ್ರದ ಅಳತೆ ಮತ್ತು ಗಾಳಿಯ ಒತ್ತಡ. ರಂಧ್ರದ ವ್ಯಾಸ ಎರಡರಷ್ಟಾದರೆ ಗಾಳಿಯ ಖರ್ಚು ನಾಲ್ಕರಷ್ಟಾಗುತ್ತದೆ. 90 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡು) ಒತ್ತಡದಲ್ಲಿ 2 ಮಿಲಿಮೀಟರ್ ರಂಧ್ರ ನಿಮಿಷಕ್ಕೆ ಎಂಟರಿಂದ ಒಂಬತ್ತು ಘನ ಅಡಿ ಗಾಳಿಯನ್ನು ಬಿಡುತ್ತದೆ, 3 ಮಿಲಿಮೀಟರಿನದು ಹತ್ತೊಂಬತ್ತರ ಆಸುಪಾಸು, 4 ಮಿಲಿಮೀಟರಿನದು ಮೂವತ್ತನಾಲ್ಕರ ಹತ್ತಿರ. ಅಂಗಡಿಯವರು ಇದನ್ನೇ ಸಿಎಫ್‌ಎಂ ಎನ್ನುತ್ತಾರೆ. ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರ್ ಕೊಳ್ಳುವವರು ಇಲ್ಲೊಂದು ವಿಷಯವನ್ನು ಗಮನಿಸಬೇಕು. ತಗಡಿನ ಫಲಕದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುವುದು ಸಾಮಾನ್ಯವಾಗಿ ಪಿಸ್ಟನ್ ಸರಿಸುವ ಗಾಳಿಯ ಪ್ರಮಾಣ. ನಿಜವಾಗಿ ಹೊರಗೆ ಸಿಗುವ ಗಾಳಿ ಅದಕ್ಕಿಂತ ಕಡಿಮೆ, ಅದಕ್ಕೆ ಎಫ್‌ಎಡಿ ಎನ್ನುತ್ತಾರೆ. ಎಫ್‌ಎಡಿ ಎಷ್ಟು ಎಂದು ಕೇಳಿದರೆ ಸಿಗುವ ಉತ್ತರವೇ ನಮಗೆ ಬೇಕಾದ ಸಂಖ್ಯೆ.

ಬಣ್ಣ ಹೊಡೆಯಲೆಂದು ನನ್ನಲ್ಲಿ ಮೊದಲೇ ಒಂದು 2 ಎಚ್‌ಪಿ ಕಂಪ್ರೆಸರ್ ಇತ್ತು. ಅದಕ್ಕೆ 3 ಮಿಲಿಮೀಟರ್ ರಂಧ್ರದ ಗನ್ನು ಜೋಡಿಸಿ ಒಂದು ಬ್ರಾಕೆಟ್ಟು ಬಿಳಿಯಾಗಿಸಲು ಇಡೀ ಭಾನುವಾರ ಕಳೆದಿದ್ದೇನೆ. ಅರ್ಧ ನಿಮಿಷ ಹೊಡೆಯುವುದು, ಒತ್ತಡ ಕುಸಿಯುವುದು, ಮೂರು ನಿಮಿಷ ಕಾಯುವುದು, ಹೀಗೆಯೇ ದಿನ ಮುಗಿಯಿತು. ಈಗ ಇರುವುದು 3 ಎಚ್‌ಪಿ, 160 ಲೀಟರ್ ಟ್ಯಾಂಕಿನ ಕಂಪ್ರೆಸರ್. ಹೊರಗೆ ಬರುವ ಗಾಳಿ ನಿಮಿಷಕ್ಕೆ ಸುಮಾರು ಒಂಬತ್ತು ಘನ ಅಡಿ. ಟ್ಯಾಂಕು ದೊಡ್ಡದಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ಲೆಕ್ಕ ಹಾಕಿ ನೋಡಿ: 160 ಲೀಟರ್ ಟ್ಯಾಂಕಿನ ಒತ್ತಡ 10 ಬಾರ್‌ನಿಂದ 6 ಬಾರ್‌ಗೆ (ಸುಮಾರು 90 ಪಿಎಸ್‌ಐಗೆ) ಇಳಿಯುವಾಗ ಸಿಗುವ ಹೆಚ್ಚುವರಿ ಗಾಳಿ 640 ಲೀಟರ್, ಅಂದರೆ ಇಪ್ಪತ್ತಮೂರು ಘನ ಅಡಿಗಿಂತ ತುಸು ಕಡಿಮೆ. ಹತ್ತೊಂಬತ್ತು ಕೇಳುವ ಗನ್ನಿಗೆ ಒಂಬತ್ತು ಕೊಡುವ ಕಂಪ್ರೆಸರ್ ಇದ್ದರೆ ನಿಮಿಷಕ್ಕೆ ಹತ್ತರ ಕೊರತೆ. ಟ್ಯಾಂಕು ಆ ಕೊರತೆಯನ್ನು ತುಂಬುವುದು ಎರಡು ನಿಮಿಷದ ಮೇಲೆ ಸ್ವಲ್ಪ ಹೊತ್ತು ಮಾತ್ರ. ಅದಕ್ಕೇ ನಾನು ಗನ್ನನ್ನೇ ಚಿಕ್ಕದು ಮಾಡಿಕೊಂಡೆ. 2 ಮಿಲಿಮೀಟರ್ ರಂಧ್ರದ ಗನ್ನನ್ನು 60–70 ಪಿಎಸ್‌ಐನಲ್ಲಿ ಓಡಿಸಿದರೆ ಕಂಪ್ರೆಸರ್ ನಡುನಡುವೆ ನಿಂತು ತಣ್ಣಗಾಗುವಷ್ಟು ಬಿಡುವು ಸಿಗುತ್ತದೆ. ಕೆಲಸ ನಿಧಾನವಾದರೂ ಒಂದೇ ಸಮನೆ ಸಾಗುತ್ತದೆ. ಸಂಜೆಯ ಹೊತ್ತಿಗೆ ನೋಡಿದರೆ ಮುಗಿದ ಭಾಗಗಳು ಹೆಚ್ಚೇ ಇರುತ್ತವೆ.

5 ಎಚ್‌ಪಿ ಹಾಕಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹಾಕಿಸಬಹುದು, ಆದರೆ ಅದಕ್ಕೆ ತ್ರೀ ಫೇಸ್ ಸಂಪರ್ಕ ಬೇಕು, ಮನೆಗೆ ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕು. ಸಿಂಗಲ್ ಫೇಸ್ ಮನೆಯಲ್ಲಿ 3 ಎಚ್‌ಪಿ ಮೋಟರು ಶುರುವಾಗುವಾಗ ಎಳೆಯುವ ಕರೆಂಟೇ ಸಾಕಷ್ಟು ದೊಡ್ಡದು. ಮೀಟರ್ ಬೋರ್ಡಿನಿಂದ ಅದಕ್ಕೆಂದೇ ದಪ್ಪ ತಂತಿ, ಪ್ರತ್ಯೇಕ ಎಂಸಿಬಿ ಎಳೆಸಿದ ಮೇಲೆಯೇ ನಾನು ಪ್ಲಗ್ ಹಾಕಿದ್ದು.

ಗನ್ನಿಗೆ ಕಣಗಳು ಹೋಗುವ ಬಗೆ ಎರಡು. ಮೊದಲನೆಯದರಲ್ಲಿ ಗಾಳಿಯ ಸೆಳೆತವೇ ಪೆಟ್ಟಿಗೆಯ ತಳದಿಂದ ಕಣಗಳನ್ನು ಕೊಳವೆಯ ಮೂಲಕ ಮೇಲಕ್ಕೆ ಹೀರುತ್ತದೆ. ಎರಡನೆಯದರಲ್ಲಿ ಒತ್ತಡ ತುಂಬಿದ ಪ್ರತ್ಯೇಕ ಪಾತ್ರೆಯಿಂದ ಕಣಗಳೂ ಗಾಳಿಯೂ ಒಟ್ಟಿಗೆ ನುಗ್ಗಿಬರುತ್ತವೆ. ಎರಡನೆಯದರ ವೇಗ ಮೊದಲನೆಯದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಆದರೆ ಪಾತ್ರೆ ಬರಿದಾದಾಗಲೆಲ್ಲ ನಿಲ್ಲಿಸಿ ತುಂಬಬೇಕು, ಬೆಲೆಯೂ ಹೆಚ್ಚು, ಒತ್ತಡದ ಪಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಜವಾಬ್ದಾರಿಯೂ ಹೆಚ್ಚು. ವರ್ಷಕ್ಕೊಂದು ಬೈಕು ಮಾಡುವವರಿಗೆ ಹೀರುವ ಬಗೆಯೇ ಸಾಕು ಎಂಬುದು ನನ್ನ ಅಭಿಪ್ರಾಯ.

ಪೆಟ್ಟಿಗೆಯನ್ನು ನಾನು ಬೆಂಗಳೂರಿನಲ್ಲಿ ನೋಡಿ ತಂದೆ. ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಮೇಜಿನ ಮೇಲಿಡುವ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ದೊಡ್ಡವು ಬೇಕಾದರೆ ಪೀಣ್ಯದಲ್ಲಿ ವಿಚಾರಿಸಬೇಕು, ಇಲ್ಲವೆ ಈ ಯಂತ್ರಗಳ ತಯಾರಿಕೆಗೆ ಹೆಸರಾದ ಜೋಧಪುರದಿಂದ ತರಿಸಿಕೊಳ್ಳಬೇಕು. ಹೋಗುವ ಮುನ್ನ ನನ್ನ ಬೈಕಿನ ಭಾಗಗಳಲ್ಲಿ ಉದ್ದವಾದವನ್ನೆಲ್ಲ ಟೇಪು ಹಿಡಿದು ಅಳೆದುಕೊಂಡಿದ್ದೆ. ಭಾಗ ಒಳಗೆ ಹಿಡಿಸಿದರೆ ಸಾಲದು, ಅದನ್ನು ತಿರುಗಿಸಲು ಜಾಗ ಬೇಕು, ಗನ್ನನ್ನು ಒಂದು ಗೇಣು ದೂರದಲ್ಲಿ ಹಿಡಿಯಲು ಮತ್ತಷ್ಟು ಬೇಕು. ಹಿಂದಿನ ಚಕ್ರವನ್ನು ಹಿಡಿಯುವ ಸ್ವಿಂಗ್ ಆರ್ಮ್ ಒಳಹೋಗುವ ಪೆಟ್ಟಿಗೆ ನನಗೆ ಸರಿಯೆನಿಸಿತು. ಫ್ರೇಮು, ಮಡ್ಗಾರ್ಡುಗಳನ್ನು ಲೆಕ್ಕದಿಂದ ಬಿಟ್ಟೆ. ಬಾಗಿಲು ಪಕ್ಕದಲ್ಲಿರುವುದನ್ನು ಆರಿಸಿಕೊಂಡೆ, ಏಕೆಂದರೆ ಮೇಲೆ ತೆರೆಯುವ ಪೆಟ್ಟಿಗೆಯ ಅಂಚಿನಲ್ಲಿ ನಿಂತ ಪುಡಿ ಪ್ರತಿ ಸಲವೂ ನೆಲಕ್ಕೆ ಸುರಿಯುತ್ತದೆ. ತಳದ ಲಾಳಿಕೆಯ ಇಳಿಜಾರು ಕಡಿದಾಗಿರಬೇಕು, ಇಲ್ಲದಿದ್ದರೆ ಕಣಗಳು ಬದಿಗಳಲ್ಲೇ ಕೂತು ಕೊಳವೆ ಬರೀ ಗಾಳಿಯನ್ನು ಹೀರುತ್ತದೆ. ಕಿಟಕಿಯ ಗಾಜನ್ನು ಸುಲಭವಾಗಿ ಬದಲಾಯಿಸುವಂತಿರಬೇಕು. ಅದರ ಒಳಬದಿಗೆ ಅಂಟಿಸುವ ಪಾರದರ್ಶಕ ಹಾಳೆ ತಿಂಗಳೊಪ್ಪತ್ತಿನಲ್ಲಿ ಮಬ್ಬಾಗುತ್ತದೆ. ಕೊಟ್ಟಿದ್ದ ದೀಪ ಸಾಲದೆ ನಾನು ಹೊರಗಿನಿಂದ ಗಾಜಿನ ಮೂಲಕ ಬೆಳಕು ಬೀಳುವಂತೆ ಎರಡು ಎಲ್‌ಇಡಿ ಹಾಕಿಸಿದೆ. ಬಾಗಿಲಿನ ರಬ್ಬರ್ ಪಟ್ಟಿ ಎಲ್ಲೆಲ್ಲಿ ಕೂಡುವುದಿಲ್ಲ ಎಂಬುದನ್ನು ತಿಳಿಯಲು ಒಳಗೆ ಟಾರ್ಚ್ ಹಚ್ಚಿಟ್ಟು ಗ್ಯಾರೇಜಿನ ದೀಪ ಆರಿಸಿ ನೋಡಿದೆ. ಬೆಳಕು ಹೊರಬಂದ ನಾಲ್ಕು ಕಡೆಗಳಿಗೆ ಸಿಲಿಕೋನ್ ಹಚ್ಚಿದೆ.

ಈ ಕೊನೆಯ ಕೆಲಸ ಅತಿಯಾಯಿತೆಂದು ಯಾರಿಗಾದರೂ ಅನ್ನಿಸಿದರೆ, ಅವರು ಧೂಳಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸ್ಯಾಂಡ್‌ಬ್ಲಾಸ್ಟಿಂಗ್ ಎಂಬ ಹೆಸರಿನಲ್ಲೇ ಮರಳಿದೆ, ಹೊಳೆಯ ಮರಳನ್ನು ಜರಡಿ ಹಿಡಿದು ಹಾಕಿದರೆ ಪುಕ್ಕಟೆ ಕೆಲಸವಾಗುತ್ತದೆ ಎಂದು ಹೇಳುವವರು ಇಂದಿಗೂ ಇದ್ದಾರೆ. ಮರಳಿನ ಹೆಚ್ಚಿನ ಪಾಲು ಬೆಣಚುಕಲ್ಲು. ಅದು ಲೋಹಕ್ಕೆ ಬಡಿದು ಒಡೆದಾಗ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ, ಸುತ್ತಲಿನ ಅಂಗಾಂಶವನ್ನು ಗಟ್ಟಿಗೊಳಿಸುತ್ತದೆ. ಇದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ನಮ್ಮ ರಾಜ್ಯಕ್ಕೆ ಈ ಕಾಯಿಲೆ ಹೊಸದೂ ಅಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚುಕಲ್ಲಿನ ಬಂಡೆ ಕೊರೆದ ಕಾರ್ಮಿಕರು ಇದರಿಂದಲೇ ನರಳಿದರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಆ ಕೆಮ್ಮು ಅವರ ಜೊತೆ ಮನೆಗೆ ಹೋಯಿತು. ನನ್ನ ಹೆಂಡತಿಯ ತಾತ ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಕೊನೆಯ ವರ್ಷಗಳಲ್ಲಿ ಅವರು ಹಾಸಿಗೆಯಿಂದ ಬಚ್ಚಲಿಗೆ ನಡೆಯುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದುದನ್ನು ಅವಳು ಕಂಡವಳು. ಗ್ಯಾರೇಜಿಗೆ ಈ ಪೆಟ್ಟಿಗೆ ಬಂದ ದಿನ ಅವಳು ಕೇಳಿದ್ದು ಒಂದೇ ಮಾತು: “ಇದರ ಧೂಳು ಎಲ್ಲಿಗೆ ಹೋಗುತ್ತೆ, ಮೊದಲು ಅದನ್ನ ಹೇಳಿ.”

ಬ್ರಿಟನ್ನಿನಲ್ಲಿ ಎರಕದ ಭಾಗಗಳನ್ನು ಮರಳಿನಿಂದ ಬ್ಲಾಸ್ಟ್ ಮಾಡುವುದನ್ನು 1949ರಲ್ಲೇ ನಿಷೇಧಿಸಿದರು. ಜೀನ್ಸ್ ಬಟ್ಟೆಗೆ ಹಳೆಯದರಂತೆ ಕಾಣುವ ಮಾಸಲು ಬಣ್ಣ ಬರಿಸಲೆಂದು ಮರಳು ಹೊಡೆಯುತ್ತಿದ್ದ ಎಳೆಯ ಕಾರ್ಮಿಕರು ಕೆಲವೇ ವರ್ಷಗಳಲ್ಲಿ ಈ ಕಾಯಿಲೆಗೆ ತುತ್ತಾದ ಮೇಲೆ ಟರ್ಕಿ 2009ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಿತು. ಹೊಳೆಯ ಮರಳಿನ ಬದಲು ಎಂ-ಸ್ಯಾಂಡ್ ಬಳಸಿದರಾಯಿತು ಎಂಬ ಸಲಹೆಯನ್ನೂ ಕೇಳಿದ್ದೇನೆ. ಎಂ-ಸ್ಯಾಂಡ್ ಎಂದರೆ ಪುಡಿ ಮಾಡಿದ ಗ್ರಾನೈಟ್, ಗ್ರಾನೈಟಿನಲ್ಲಿಯೂ ಬೆಣಚುಕಲ್ಲಿದೆ. ಯಾವ ಮರಳನ್ನೂ ಈ ಪೆಟ್ಟಿಗೆಗೆ ಹಾಕಬಾರದು.

ನಾನು ಬಳಸುವುದು ಎರಡೇ. ಕಬ್ಬಿಣ, ಉಕ್ಕಿನ ಭಾಗಗಳಿಗೆ 80 ಮೆಶ್ಶಿನ (ಅಂಗುಲಕ್ಕೆ 80 ಕಣ್ಣಿರುವ ಜರಡಿ ಹಾಯುವ ಗಾತ್ರದ) ಕಂದು ಅಲ್ಯೂಮಿನಿಯಂ ಆಕ್ಸೈಡ್. ಅಲ್ಯೂಮಿನಿಯಂ ಭಾಗಗಳಿಗೆ ಗಾಜಿನ ಮಣಿ. ಮೊದಲನೆಯದು ಬಹಳ ಗಟ್ಟಿ, ಮೂಲೆಮೂಲೆಯಾದ ಕಣ. ತುಕ್ಕನ್ನೂ ಹಳೆಯ ಬಣ್ಣವನ್ನೂ ಕತ್ತರಿಸಿ ತೆಗೆಯುತ್ತದೆ, ಜರಡಿ ಹಿಡಿದು ಮತ್ತೆ ಮತ್ತೆ ಬಳಸಬಹುದು. ಎರಡನೆಯದು ಉರುಟು, ಲೋಹವನ್ನು ಕತ್ತರಿಸದೆ ತಟ್ಟುತ್ತದೆ. 40–50 ಪಿಎಸ್‌ಐನಲ್ಲಿ ಗಾಜಿನ ಮಣಿ ಹೊಡೆದ ಕಾರ್ಬ್ಯುರೇಟರಿನ ಮೈಗೆ ಬರುವ ಮೆದುವಾದ ಬೆಳ್ಳಿಯ ಬಣ್ಣವನ್ನು ಬೇರೆ ಯಾವುದರಿಂದಲೂ ತರಲು ನನಗೆ ಸಾಧ್ಯವಾಗಿಲ್ಲ. ಎರಡನ್ನೂ ಒಂದೇ ದಿನ ಬಳಸುವುದಿಲ್ಲ. ತುಕ್ಕು ಕೆರೆದ ಕಣಗಳಲ್ಲಿ ಕಬ್ಬಿಣದ ಪುಡಿ ಸೇರಿರುತ್ತದೆ. ಅದೇ ಕಣಗಳನ್ನು ಅಲ್ಯೂಮಿನಿಯಂ ಭಾಗಕ್ಕೆ ಹೊಡೆದರೆ ಕಬ್ಬಿಣ ಅದರ ಮೈಯಲ್ಲಿ ಹುದುಗಿ ಕೆಲವು ವಾರಗಳಲ್ಲಿ ಕಂದು ಚುಕ್ಕೆಗಳಾಗಿ ಏಳುತ್ತದೆ. ಅದಕ್ಕಾಗಿ ಮುಚ್ಚಳವಿರುವ ಎರಡು ಡಬ್ಬಿ, ಎರಡು ಜರಡಿ, ನಡುವೆ ಪೆಟ್ಟಿಗೆಯನ್ನು ಪೂರ್ತಿ ಬಳಿದು ಒರೆಸುವ ಒಂದು ಗಂಟೆಯ ಕೆಲಸ.

ಇವುಗಳಲ್ಲಿ ಬೆಣಚು ಇಲ್ಲದಿದ್ದರೂ ಧೂಳು ಧೂಳೇ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತು, ಆದ್ದರಿಂದ ಬ್ರೇಕ್ ಪ್ಲೇಟು ಮತ್ತು ಡ್ರಮ್ಮನ್ನು ಸೋಪಿನ ನೀರಿನಲ್ಲಿ ನೆನೆಸಿ ತೊಳೆಯದೆ ನಾನು ಒಣ ಗಾಳಿಯನ್ನು ಅವುಗಳ ಹತ್ತಿರ ತರುವುದಿಲ್ಲ. ಪೆಟ್ಟಿಗೆಯ ಹಿಂಬದಿಗೆ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿ, ನಡುವೆ ದಪ್ಪ ಪುಡಿಯನ್ನು ಬೇರ್ಪಡಿಸುವ ಸೈಕ್ಲೋನ್ ಡಬ್ಬಿ ಇಟ್ಟು, ಕೊನೆಯಲ್ಲಿ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಹಾಕಿದ್ದೇನೆ. ಬಟ್ಟೆಯ ಚೀಲದ ಫಿಲ್ಟರು ಕಣ್ಣಿಗೆ ಕಾಣುವ ಧೂಳನ್ನು ತಡೆಯುತ್ತದೆ, ಅಪಾಯಕಾರಿಯಾದ ಸಣ್ಣ ಧೂಳನ್ನು ಗ್ಯಾರೇಜಿಗೇ ಮರಳಿ ಊದುತ್ತದೆ. ಗನ್ನು ನಿಲ್ಲಿಸಿದ ಮೇಲೆ ಎರಡು ನಿಮಿಷ ವ್ಯಾಕ್ಯೂಮ್ ಓಡುತ್ತಿರಬೇಕು, ಆಮೇಲೆಯೇ ಬಾಗಿಲು ತೆರೆಯಬೇಕು. ಬಟ್ಟೆಯ ಮಾಸ್ಕ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ; ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರ್ ರೆಸ್ಪಿರೇಟರ್ ಬೇಕು. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹಾರುವ ಕಣಗಳಿಂದ ಪೆಟ್ಟಿಗೆಯಲ್ಲಿ ಸ್ಥಿರ ವಿದ್ಯುತ್ತು ಕೂಡಿಕೊಂಡು ಕೈಗೆ ಚುರುಕ್ಕೆನ್ನುವಂತೆ ಹೊಡೆಯುತ್ತದೆ. ಗನ್ನಿನಿಂದಲೂ ಪೆಟ್ಟಿಗೆಯಿಂದಲೂ ತಾಮ್ರದ ತಂತಿ ಎಳೆದು ಅರ್ಥಿಂಗ್ ಮಾಡಿಸಿದ ಮೇಲೆ ಅದು ನಿಂತಿತು.

ಮಳೆಗಾಲದಲ್ಲಿ ಈ ಕೆಲಸದ ಶತ್ರು ನೀರು. ಜುಲೈ ತಿಂಗಳ ತೇವದ ಗಾಳಿಯನ್ನು ಹೀರಿ ಒತ್ತುವ ಕಂಪ್ರೆಸರಿನಲ್ಲಿ, ಬಿಸಿ ಆರಿದಂತೆ ಆ ತೇವವೆಲ್ಲ ನೀರಾಗಿ ಇಳಿಯುತ್ತದೆ. ನನ್ನ ಗಾತ್ರದ ಕಂಪ್ರೆಸರ್ ಒಂದು ಗಂಟೆ ಓಡಿದರೆ ಕಾಲು ಲೀಟರಿನಷ್ಟು ನೀರು ಸೇರುತ್ತದೆ. ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ಚೊಂಬಿಗೆ ಹಿಡಿದು ನೋಡಿದ್ದೇನೆ. ಇದರ ಒಂದು ಪಾಲು ಗನ್ನಿನವರೆಗೆ ಬಂದರೂ ಸಾಕು, ಕಣಗಳು ಒದ್ದೆ ರವೆಯಂತೆ ಗಂಟುಕಟ್ಟಿ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಟ್ಯಾಂಕಿನ ಪಕ್ಕದಲ್ಲೇ ಫಿಲ್ಟರ್ ಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಗಾಳಿ ಇನ್ನೂ ಬಿಸಿಯಾಗಿದ್ದು ನೀರು ಆವಿಯಾಗಿಯೇ ದಾಟಿಹೋಗುತ್ತದೆ. ನಾನು ಗೋಡೆಯ ಮೇಲೆ ಏಳೆಂಟು ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಮೇಲೆ ಹತ್ತಿಸಿ, ಇಳಿಜಾರಾಗಿ ಓಡಿಸಿ, ಕೊನೆಯಲ್ಲಿ ನೀರು ಇಳಿಯಲು ಕೆಳಮುಖವಾಗಿ ಒಂದು ಪೈಪಿನ ತುಂಡು ಬಿಟ್ಟು, ಗನ್ನಿನ ಕವಲನ್ನು ಪೈಪಿನ ಮೇಲ್ಬದಿಯಿಂದ ತೆಗೆದೆ. ಫಿಲ್ಟರ್ ಅದರ ನಂತರ. ಅಗ್ಗವೆಂದು ಪಿವಿಸಿ ಪೈಪನ್ನು ಯಾರೂ ಹಾಕಿಸಬೇಡಿ. ನೀರಿನ ಒತ್ತಡ ತಾಳುವ ಪೈಪು ಗಾಳಿಯ ಒತ್ತಡದಲ್ಲಿ ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ.

ಹೊಡೆಯುವ ಕೈಗೆ ಹದ ಬರಲು ಒಂದು ತಿಂಗಳು ಸಾಕು. ಭಾಗಕ್ಕೆ ಗ್ರೀಸು, ಎಣ್ಣೆ ಅಂಟಿರಬಾರದು. ಜಿಡ್ಡಿಗೆ ಕಣಗಳು ಅಂಟಿ ಇಡೀ ಡಬ್ಬಿಯ ಪುಡಿ ಕೆಡುತ್ತದೆ. ಗನ್ನನ್ನು ಭಾಗಕ್ಕೆ ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿದರೆ ಕಣಗಳು ಕಿಟಕಿಯ ಕಡೆ ಪುಟಿಯುವುದಿಲ್ಲ, ತುಕ್ಕೂ ಬೇಗ ಏಳುತ್ತದೆ. ಗನ್ನು ಬಿಕ್ಕಳಿಸಿದಂತೆ ಬಿಟ್ಟುಬಿಟ್ಟು ಹೊಡೆಯುತ್ತಿದ್ದರೆ ಒತ್ತಡ ಏರಿಸುವ ಬದಲು ಹೀರುವ ಕೊಳವೆಗೆ ಸ್ವಲ್ಪ ಗಾಳಿ ಸೇರುವಂತೆ ಮಾಡಬೇಕು. ಕಣಗಳು ಹೊರಬರುವ ನಾಝಲ್ ಸವೆದು ಅಗಲವಾದಂತೆ ಕಣಗಳ ಹೊಡೆತ ಚದುರುತ್ತದೆ. ಸೆರಾಮಿಕ್ ನಾಝಲುಗಳು ಕೆಲವೇ ಗಂಟೆಗಳಲ್ಲಿ ಸವೆಯುತ್ತವೆ, ಬೋರಾನ್ ಕಾರ್ಬೈಡಿನದು ಬೆಲೆ ಹೆಚ್ಚಾದರೂ ಬಹುಕಾಲ ಬಾಳುತ್ತದೆ. ಮುಗಿದ ಉಕ್ಕಿನ ಭಾಗವನ್ನು ಬರಿಗೈಯಲ್ಲಿ ಮುಟ್ಟಬಾರದು. ಮಳೆಗಾಲದಲ್ಲಿ ನಾನು ಹಾಗೆ ಮುಟ್ಟಿ ಇಟ್ಟಿದ್ದ ಸ್ಟ್ಯಾಂಡಿನ ಮೇಲೆ ಮರುದಿನ ಬೆಳಿಗ್ಗೆ ನನ್ನ ಐದೂ ಬೆರಳಿನ ಗುರುತು ತುಕ್ಕಾಗಿ ಮೂಡಿತ್ತು. ಈಗ ಮಧ್ಯಾಹ್ನದೊಳಗೆ ಹೊಡೆದು ಮುಗಿಸಿ, ಎರಡು ಮೂರು ಗಂಟೆಯೊಳಗೆ ಎಪಾಕ್ಸಿ ಪ್ರೈಮರ್ ಬಳಿಯುತ್ತೇನೆ.

ದೊಡ್ಡ ನಷ್ಟವಾದದ್ದು ಒಂದು ಸಲ. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಅದರ ಶಾಫ್ಟು ಕ್ಲಚ್ ಬದಿಯ ಕವರಿನ ಬುಶ್ಶಿನ (ಲೋಹದ ಬಳೆಯ) ಮೂಲಕ ಹೊರಬರುತ್ತದೆ. ಆ ಕವರಿಗೆ ಗಾಜಿನ ಮಣಿ ಹೊಡೆಯುವಾಗ ಬುಶ್ಶಿನ ಮೇಲೆ ಟೇಪು ಮಾತ್ರ ಅಂಟಿಸಿದ್ದೆ. ಒಳಗೆ ಟೇಪಿನ ಅಂಚು ಕಿತ್ತುಹೋಗಿದ್ದು ಕೈಗವಸಿಗೆ ತಿಳಿಯಲಿಲ್ಲ. ತೊಳೆದೆ, ಒರೆಸಿದೆ, ಜೋಡಿಸಿದೆ. ಎರಡು ತಿಂಗಳಲ್ಲಿ ಲಿವರ್ ಬಿಗಿಯಾಗತೊಡಗಿತು. ಬಿಚ್ಚಿ ನೋಡಿದಾಗ ಬುಶ್ಶಿನಲ್ಲಿ ಹುದುಗಿದ ಗಾಜಿನ ಪುಡಿ ಶಾಫ್ಟಿನ ಸುತ್ತ ಗೀರುಗಳನ್ನು ಕೊರೆದಿತ್ತು. ಆ ಶಾಫ್ಟನ್ನು ಹುಡುಕಲು ಏಳು ವಾರ ಬೇಕಾಯಿತು. ಅಂದಿನಿಂದ ರಂಧ್ರಗಳಿಗೆ ರಬ್ಬರ್ ಬಿರಡೆ, ತಿರುಪಿನ ರಂಧ್ರಗಳಿಗೆ ಹಳೆಯ ಬೋಲ್ಟು, ಬೇರಿಂಗ್ ಜಾಗಕ್ಕೆ ಲೇತಿನಲ್ಲಿ ಮಾಡಿಸಿದ ಮರದ ಬಿಲ್ಲೆ ಹಾಕದೆ ಯಾವ ಭಾಗವನ್ನೂ ಒಳಗಿಡುವುದಿಲ್ಲ. ತೊಳೆಯುವುದೂ ಮೂರು ಸಲ: ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಸಣ್ಣ ಬ್ರಶ್ಶು, ಪ್ರತಿ ರಂಧ್ರಕ್ಕೂ ಗಾಳಿ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೆರಳಿಗೆ ಚುರುಚುರು ಎನ್ನುವುದು ನಿಲ್ಲುವವರೆಗೆ. ಎರಡು ಸ್ಟ್ರೋಕಿನ ಎಂಜಿನ್ನಿನ ಕ್ರ್ಯಾಂಕ್‌ಕೇಸನ್ನಂತೂ ನಾನು ಬ್ಲಾಸ್ಟ್ ಮಾಡುವುದೇ ಇಲ್ಲ. ಬೇರಿಂಗಿಗೆ ಎಣ್ಣೆ ಹೋಗುವ ಸಣ್ಣ ದಾರಿಯಲ್ಲಿ ಒಂದು ಚಿಟಿಕೆ ಪುಡಿ ಉಳಿದರೂ ಎಂಜಿನ್ ಹಾಳಾಗುತ್ತದೆ. ಅದನ್ನು ಡೀಸೆಲ್ಲು, ಬ್ರಶ್ಶಿನಲ್ಲಿ ತೊಳೆಯುವುದೇ ಸರಿ.

ಪೆಟ್ರೋಲ್ ಟ್ಯಾಂಕು ಮತ್ತು ಪಕ್ಕದ ಟೂಲ್ ಬಾಕ್ಸಿನ ಮುಚ್ಚಳಗಳೂ ಈ ಪೆಟ್ಟಿಗೆಗೆ ಹೋಗುವುದಿಲ್ಲ. ತೆಳು ತಗಡಿನ ಒಂದು ಮುಖಕ್ಕೆ ಮಾತ್ರ ಸಾವಿರಾರು ಕಣಗಳು ಬಡಿದಾಗ ಆ ಮುಖ ಹಿಗ್ಗಿ ತಗಡು ಡೊಂಕಾಗುತ್ತದೆ, ಅದನ್ನು ಮತ್ತೆ ಸಮ ಮಾಡಲು ಬರುವುದಿಲ್ಲ. ಟ್ಯಾಂಕಿನ ಹಳೆಯ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ, ಮರದ ಚಕ್ಕೆಯಿಂದ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸುತ್ತಿದ್ದೇನೆ. ಎಡಬದಿ ಮುಗಿದಿದೆ.